ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಹೋಮ್‌ವರ್ಕ್ ರಜೆ ಬೇಕಾ? ಕೇಳಿ, ಉತ್ತರಿಸುತ್ತೇನೆ

ಎಲ್ಲರಿಗೂ ನಮಸ್ಕಾರ. ನಾನು ಜೀವಶಾಸ್ತ್ರ ಶಿಕ್ಷಕಿ. ಹೈಸ್ಕೂಲ್ ಮಕ್ಕಳ ಸಂಶೋಧನಾ ಪ್ರಾಜೆಕ್ಟ್‌ಗಳಿಗೆ ಗೈಡ್ ಆಗಿ ಕೆಲಸ ಮಾಡುತ್ತೇನೆ. ವಿಜ್ಞಾನ ಮೇಳ ಹತ್ತಿರ ಬಂದಾಗ ಒಬ್ಬೊಬ್ಬರೇ ಮೆಸೇಜ್ ಮಾಡಿ ಕೇಳುವ ಬದಲು ಇಲ್ಲೇ ಕೇಳಿ, ಎಲ್ಲರಿಗೂ ಉಪಯೋಗ.

ಪ್ರಶ್ನೆ (9ನೇ ಕ್ಲಾಸ್ ಹುಡುಗಿಯ ಅಮ್ಮ): ಮೇಡಂ, ಮಗಳು ಉಪ್ಪುನೀರಿನಲ್ಲಿ ಬೀಜ ಹೇಗೆ ಮೊಳಕೆ ಬರುತ್ತದೆ ಅಂತ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಸ್ಕೂಲಿನಲ್ಲಿ ಈ ಶನಿವಾರ, ಭಾನುವಾರ ಯಾರಿಗೂ ಹೋಮ್‌ವರ್ಕ್ ಇಲ್ಲ ಅಂದಿದ್ದಾರೆ. ಇವಳು ಎರಡೂ ದಿನ ಪ್ರಾಜೆಕ್ಟ್‌ಗೇ ಕೂರುತ್ತೇನೆ ಅನ್ನುತ್ತಾಳೆ. ಅದು ಬಿಡುವು ಹೇಗಾಯಿತು? ಬೇಡ ಅನ್ನಲಾ?

ಉತ್ತರ: ಬೇಡ ಅನ್ನಬೇಡಿ, ಆದರೆ ಎರಡು ದಿನವೂ ಕೂರುವಷ್ಟು ಕೆಲಸ ಆ ಪ್ರಾಜೆಕ್ಟ್‌ನಲ್ಲಿ ಇಲ್ಲ. ಬೀಜ ನೆನೆಸಿದ ಮೇಲೆ ಮೊದಲ ಕೆಲವು ದಿನಗಳೇ ಮುಖ್ಯ. ಉಪ್ಪು ಜಾಸ್ತಿ ಇದ್ದ ತಟ್ಟೆಯಲ್ಲಿ ಬೀಜಕ್ಕೆ ನೀರು ಹೀರಿಕೊಳ್ಳುವುದು ಕಷ್ಟ, ಹಾಗಾಗಿ ಮೊಳಕೆ ತಡವಾಗುತ್ತದೆ. ಆ ತಡ ಎಷ್ಟು ಅಂತ ಹಿಡಿಯುವುದೇ ಅವಳ ಪ್ರಯೋಗ. ಅದಕ್ಕೆ ದಿನಾ ಒಂದೇ ಹೊತ್ತಿಗೆ ತಟ್ಟೆ ತೆಗೆದು, ಬೇರಿನ ತುದಿ ಸಿಪ್ಪೆಯಿಂದ 2 ಮಿಲಿಮೀಟರ್ ಹೊರಗೆ ಬಂದಿರುವ ಬೀಜ ಎಷ್ಟು ಅಂತ ಎಣಿಸಿ ಬರೆದರೆ ಆಯಿತು. ನಾಲ್ಕೈದು ತಟ್ಟೆ ಇದ್ದರೂ ಹದಿನೈದು ನಿಮಿಷ, ಹೆಚ್ಚೆಂದರೆ ಇಪ್ಪತ್ತು. ಉಳಿದ ಹೊತ್ತು ಕೂತು ನೋಡಿದರೆ ಬೀಜ ಬೇಗ ಮೊಳೆಯುವುದಿಲ್ಲ ಅಲ್ವಾ!

ಹೋಮ್‌ವರ್ಕ್ ರಜೆಯನ್ನು ಎಲ್ಲಿ ಇಡಬೇಕು ಅನ್ನುವುದೇ ಇಲ್ಲಿ ವಿಷಯ. ಅವಳಿಗೆ ಅದು ನಿಜವಾಗಿ ಬೇಕಾಗುವುದು ಈ ವಾರವಲ್ಲ, ಅಂಕಿ ಅಂಶ ಎಲ್ಲ ಕೈಗೆ ಬಂದು ಗ್ರಾಫ್ ಹಾಕಿ ವರದಿ ಬರೆಯುವ ವಾರ. ಆಗಲೇ ದಿನಕ್ಕೆ ಎರಡು ಮೂರು ಗಂಟೆ ಬೇಡುತ್ತದೆ. ಸ್ಕೂಲಿನವರು ಎಲ್ಲರಿಗೂ ಒಂದೇ ದಿನ ರಜೆ ಕೊಡುವುದು ಅವರಿಗೆ ಸುಲಭ, ಪ್ರಾಜೆಕ್ಟ್ ಮಾಡುವ ಮಗುವಿಗೆ ಅಷ್ಟಾಗಿ ಉಪಯೋಗವಿಲ್ಲ. ಈ ಶನಿವಾರ, ಭಾನುವಾರ ಎಣಿಸಿ ಬರೆದು ಆಟಕ್ಕೆ ಹೋಗಲಿ.

ಅದೇ ಅಮ್ಮ: ಒಂದು ದಿನ ಎಣಿಸುವುದು ತಪ್ಪಿಹೋದರೆ?

ಉತ್ತರ: ಖಾಲಿ ಬಿಟ್ಟು, ಯಾಕೆ ಅಂತ ಪಕ್ಕದಲ್ಲಿ ಬರೆಯಲಿ. ಒಟ್ಟು ಎಷ್ಟು ಮೊಳಕೆ ಬಂತು ಅನ್ನುವ ಲೆಕ್ಕ ಮಾರನೇ ದಿನ ಹೇಗೂ ಸಿಗುತ್ತದೆ, ಯಾವ ದಿನ ಬಂತು ಅನ್ನುವುದು ಮಾತ್ರ ಕೈತಪ್ಪುತ್ತದೆ. ಅಂದಾಜಿನ ಸಂಖ್ಯೆ ತುಂಬುವುದು ಮಾತ್ರ ಬೇಡವೇ ಬೇಡ. ಒಂದೇ ಪೆನ್ನು, ಒಂದೇ ಅಕ್ಷರ, ಒಂದೇ ಸಮನೆ ಏರುವ ಸಂಖ್ಯೆ ಇರುವ ಲಾಗ್ ಬುಕ್ ನೋಡಿದ ತಕ್ಷಣ ಗೊತ್ತಾಗುತ್ತದೆ, ಹಿಂದಿನ ರಾತ್ರಿ ಕೂತು ಬರೆದದ್ದು ಅಂತ.

ಪ್ರಶ್ನೆ (10ನೇ ಕ್ಲಾಸ್ ಹುಡುಗನ ಅಪ್ಪ): ಮೇಡಂ, ನೇರವಾಗಿ ಕೇಳುತ್ತೇನೆ. ಪ್ರೈಜ್ ಬರುವ ಮಕ್ಕಳು ರಾತ್ರಿ ಹನ್ನೆರಡರವರೆಗೆ ಕೂರುತ್ತಾರಂತೆ. ನನ್ನ ಮಗ ಹತ್ತಕ್ಕೇ ಮಲಗುತ್ತಾನೆ. ಮೇಳ ಮುಗಿಯುವವರೆಗೆ ಫುಟ್‌ಬಾಲ್ ಬಿಡಿಸೋಣ ಅಂತಿದ್ದೇನೆ.

ಉತ್ತರ: ಬಿಡಿಸಬೇಡಿ ಸರ್. ಹತ್ತಕ್ಕೆ ಮಲಗುವುದನ್ನಂತೂ ಮುಟ್ಟಲೇಬೇಡಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲೇ ಹೇಳಿದೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರುವುದಕ್ಕೂ ನಿದ್ದೆ ಬೇಕು.

ಪ್ರೈಜ್ ಮಾತಿಗೆ ಬರೋಣ. ಹೈಸ್ಕೂಲ್ ಮಕ್ಕಳ ದೊಡ್ಡ ಅಂತರರಾಷ್ಟ್ರೀಯ ಮೇಳ ಐಸೆಫ್. ಅಲ್ಲಿ 100 ಅಂಕದಲ್ಲಿ 35 ಪ್ರೆಸೆಂಟೇಶನ್‌ಗೆ, ಆ 35ರಲ್ಲಿ 25 ತೀರ್ಪುಗಾರರ ಜೊತೆ ಎದುರಾಎದುರು ಮಾತಾಡುವುದಕ್ಕೆ. ಕಂಟ್ರೋಲ್ (ಹೋಲಿಸಿ ನೋಡೋಕೆ ಅಂತ ಏನೂ ಬದಲಾಯಿಸದೆ ಇಟ್ಟದ್ದು) ಯಾವುದು ಇಟ್ಟಿದ್ದೆ, ಈ ಒಂದು ತಟ್ಟೆಯ ಸಂಖ್ಯೆ ಯಾಕೆ ಬೇರೆ ಇದೆ, ಇನ್ನೊಮ್ಮೆ ಮಾಡಿದರೆ ಏನು ಬದಲಾಯಿಸುತ್ತೀಯ ಅಂತೆಲ್ಲ ಕೇಳುತ್ತಾರೆ. ಒಂದು ವಾರ ನಿದ್ದೆಗೆಟ್ಟ ಹುಡುಗ ಅಲ್ಲಿ ತನ್ನದೇ ಗ್ರಾಫ್ ನೋಡಿ ತಡಬಡಾಯಿಸುತ್ತಾನೆ. ಎಷ್ಟು ಗಂಟೆ ಕೂತೆ ಅಂತ ಅಂಕ ಕೊಡುವ ಕಾಲಮ್ ಅಲ್ಲಿ ಇಲ್ಲ.

ಸಮಯ ಸಾಲದಿದ್ದರೆ ಹೋಮ್‌ವರ್ಕ್‌ನಿಂದ ತೆಗೆಯಿರಿ. ನಿದ್ದೆ, ಆಟ ಎರಡರಿಂದಲೂ ಬೇಡ.

ಒಬ್ಬ ಗಣಿತ ಮೇಷ್ಟ್ರು: ಮೇಡಂ, ಹೋಮ್‌ವರ್ಕ್‌ನಿಂದ ತೆಗೆಯಿರಿ ಅಂತ ನೀವು ಸುಲಭವಾಗಿ ಹೇಳಿಬಿಟ್ಟಿರಿ. ಎರಡು ವಾರ ಲೆಕ್ಕ ಬಿಡಿಸದ ಹುಡುಗ ಮೂರನೇ ವಾರ ನನ್ನ ಕ್ಲಾಸಿನಲ್ಲಿ ಕಣ್ಣು ಕಣ್ಣು ಬಿಡುತ್ತಾನೆ.

ಉತ್ತರ: ನಿಜ ಸರ್, ಒಪ್ಪುತ್ತೇನೆ. ಹೋಮ್‌ವರ್ಕ್ ವ್ಯರ್ಥ ಅಂತ ನಾನೂ ಹೇಳುವುದಿಲ್ಲ. ಹೋಮ್‌ವರ್ಕ್ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1987ರಿಂದ 2003ರವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2006ರಲ್ಲಿ ಬರೆದದ್ದೂ ಅದೇ: ಹೋಮ್‌ವರ್ಕ್‌ಗೂ ಅಂಕಕ್ಕೂ ನಂಟಿದೆ, ಅದು 7ನೇ ಕ್ಲಾಸ್‌ನಿಂದ ಮೇಲಿನವರಲ್ಲಿ ಜಾಸ್ತಿ, ಚಿಕ್ಕವರಲ್ಲಿ ಕಡಿಮೆ. ಎಷ್ಟನೇ ಕ್ಲಾಸೋ ಅಷ್ಟು ಸಲ 10 ನಿಮಿಷ, ಅಷ್ಟು ದಿನದ ಹೋಮ್‌ವರ್ಕ್ ಅಂತ ಒಂದು ಲೆಕ್ಕವನ್ನೂ ಕೂಪರ್ ಹೇಳುತ್ತಾರೆ. ಅಂದರೆ 9ನೇ ಕ್ಲಾಸಿಗೆ ಎಲ್ಲ ವಿಷಯ ಸೇರಿ ಸುಮಾರು 90 ನಿಮಿಷ. "ಎಲ್ಲ ವಿಷಯ ಸೇರಿ" ಅನ್ನುವುದನ್ನು ಸ್ವಲ್ಪ ಗಮನಿಸಿ ಸರ್, ನಾವು ಐದಾರು ಮೇಷ್ಟ್ರುಗಳು ನಮ್ಮ ನಮ್ಮ ವಿಷಯಕ್ಕೇ ಮುಕ್ಕಾಲು ಗಂಟೆ ಅಂತ ಕೊಡುತ್ತಿರುತ್ತೇವೆ.

ನಿಮ್ಮ ವಿಷಯಕ್ಕೆ ನನ್ನ ಸಲಹೆ ಇಷ್ಟೇ. ವರದಿ ಬರೆಯುವ ವಾರದಲ್ಲಿ ದಿನಾ ಇಪ್ಪತ್ತು ಲೆಕ್ಕದ ಬದಲು ನಾಲ್ಕೇ ಕೊಡಿ. ಬಿಟ್ಟು ಬಿಟ್ಟು ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿದ್ದು ಒಂದೇ ಸಲ ಉರು ಹೊಡೆದದ್ದಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ, ಇದು 1885ರಲ್ಲಿ ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದು. ಉಳಿದ ಹದಿನಾರನ್ನು ಆಮೇಲೆ ಮಾಡಿಸಬೇಡಿ, ಬಿಟ್ಟೇಬಿಡಿ. ಮುಂದಿನ ವಾರ ಬಡ್ಡಿ ಸಮೇತ ವಸೂಲಿ ಮಾಡಿದರೆ ಅದು ರಜೆ ಅಲ್ಲ, ಸಾಲ.

ಪ್ರಶ್ನೆ (9ನೇ ಕ್ಲಾಸ್ ವಿದ್ಯಾರ್ಥಿ): ಮಿಸ್, ನಮಗೆ ಹೋಮ್‌ವರ್ಕ್ ಇಲ್ಲದ ವೀಕೆಂಡ್ ಅಂತ ಕೊಟ್ಟು ಸೋಮವಾರ ಎರಡು ಟೆಸ್ಟ್ ಇಟ್ಟರು 😭 ಏನು ಮಾಡೋದು?

ಉತ್ತರ: ಅಯ್ಯೋ. ಅದು ಬಿಡುವಲ್ಲ ಪುಟ್ಟ. ಒಬ್ಬೊಬ್ಬರೇ ಹೋಗಿ ಗೊಣಗಿದರೆ ಓದೋಕೆ ಸೋಮಾರಿತನ ಅಂತಾರೆ. ಟೆಸ್ಟ್, ಪ್ರಾಜೆಕ್ಟ್, ಹೋಮ್‌ವರ್ಕ್ ಎಲ್ಲದರ ದಿನಾಂಕ ಒಂದೇ ಹಾಳೆಯಲ್ಲಿ ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸೋಕೆ ಕ್ಲಾಸ್ ಲೀಡರ್ ಮೂಲಕ ಕೇಳಿ. ಎಷ್ಟೋ ಸಲ ಒಬ್ಬ ಟೀಚರ್‌ಗೆ ಇನ್ನೊಬ್ಬರು ಏನು ಇಟ್ಟಿದ್ದಾರೆ ಅಂತ ಗೊತ್ತೇ ಇರುವುದಿಲ್ಲ.

ಅದೇ ವಿದ್ಯಾರ್ಥಿ: ಫ್ಲೆಮಿಂಗ್ ರಜೆಗೆ ಹೋಗಿದ್ದಕ್ಕೇ ಪೆನಿಸಿಲಿನ್ ಸಿಕ್ಕಿತಂತೆ. ನಾನೂ ತಟ್ಟೆ ಬಿಟ್ಟು ಟ್ರಿಪ್ ಹೋಗಲಾ 😄

ಉತ್ತರ: 😂 1928ರ ಸೆಪ್ಟೆಂಬರ್‌ನಲ್ಲಿ ರಜೆ ಮುಗಿಸಿ ಬಂದು, ಬ್ಯಾಕ್ಟೀರಿಯಾ ಬೆಳೆಸಿಟ್ಟಿದ್ದ ತಟ್ಟೆ ನೋಡಿದ್ದು ನಿಜ. ಆದರೆ ಅದಕ್ಕೆ ವರ್ಷಗಳ ಮೊದಲೇ, 1922ರಲ್ಲಿ, ಬ್ಯಾಕ್ಟೀರಿಯಾ ಒಡೆಯುವ ಲೈಸೊಜೈಮ್ ಅನ್ನುವ ಕಿಣ್ವದ ಬಗ್ಗೆ ಬರೆದಿದ್ದ ಮನುಷ್ಯ ಆತ. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಬೆಳೆದಿಲ್ಲ ಅನ್ನುವುದು ಅದಕ್ಕೇ ಕಣ್ಣಿಗೆ ಬಿತ್ತು. ಬೇರೆಯವರಾಗಿದ್ದರೆ ತಟ್ಟೆ ತೊಳೆದಿಡುತ್ತಿದ್ದರು. ನೀನು ಎಣಿಸುವ ದಿನಗಳು ಮುಗಿದ ಮೇಲೆ ಟ್ರಿಪ್ ಹೋಗು. ಬಂದ ಮೇಲೆ ಗ್ರಾಫ್ ನೋಡಿದರೆ ಮೊದಲು ಕಾಣದ್ದು ಏನಾದರೂ ಕಂಡೀತು.

ಮೊದಲಿನ ಅಮ್ಮ: ಮೇಡಂ, ವರದಿ ಬರೆಯುವ ವಾರಕ್ಕೆ ಬಿಡುವು ಬೇಕು ಅಂತ ಕ್ಲಾಸ್ ಟೀಚರ್ ಹತ್ತಿರ ಹೇಗೆ ಕೇಳುವುದು? ಮುಖ ಸಣ್ಣ ಮಾಡಿಕೊಂಡರೆ?

ಉತ್ತರ: "ಮಗುವಿಗೆ ಹೊರೆ ಜಾಸ್ತಿ ಆಗಿದೆ" ಅಂತ ಶುರು ಮಾಡಬೇಡಿ, ದೂರು ಕೇಳಿದ ಹಾಗಿರುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ, ಯಾವ ಕೆಲಸಕ್ಕೆ, ಯಾವ ವಿಷಯಗಳ ಹೋಮ್‌ವರ್ಕ್ ಕಡಿಮೆ ಮಾಡಬಹುದು ಅಂತ ನಾಲ್ಕು ಸಾಲು ಬರೆದು, ಲಾಗ್ ಬುಕ್ ಜೊತೆ ಮಗಳ ಕೈಯಲ್ಲೇ ಕೊಟ್ಟು ಕಳಿಸಿ. ಅವಳೇ ಕೇಳಲಿ. ಒಂದು ವಾರ ಮೊದಲೇ ಕೇಳಲಿ, ಹಿಂದಿನ ದಿನ ಅಲ್ಲ.