ಸಕ್ಕರ್ ಮೀನು ಒಂಬತ್ತು ಅಂಗುಲವಾಗಿದೆ, ಕೆರೆಗೆ ಬಿಡಬಹುದೇ?

ಪ್ರಶ್ನೆ: ಗಾಜಿನಮನೆ
ಎರಡು ವರ್ಷದ ಹಿಂದೆ ಅಂಗಡಿಯವರು, "ಗಾಜಿನ ಪಾಚಿಯನ್ನೆಲ್ಲ ಇದೇ ತಿನ್ನುತ್ತದೆ, ಬೇರೆ ಆಹಾರವೇ ಬೇಡ" ಎಂದು ಒಂದು ಸಕ್ಕರ್ ಮೀನನ್ನು ಕೊಟ್ಟರು. ಆಗ ಹೆಬ್ಬೆರಳಿನಷ್ಟಿತ್ತು. ಈಗ ಒಂಬತ್ತು ಅಂಗುಲ. ಅಕ್ವೇರಿಯಂ ಎರಡೂವರೆ ಅಡಿಯದು. ಅದು ತಿರುಗಿದಾಗಲೆಲ್ಲ ಬಾಲ ಗಾಜಿಗೆ ಬಡಿಯುತ್ತದೆ. ಪಾಚಿಯನ್ನು ಮೂಸಿಯೂ ನೋಡುವುದಿಲ್ಲ. ದೀಪ ಆರಿಸಿದ ಮೇಲೆ ಗೋಲ್ಡ್‌ಫಿಶ್‌ನ ಮೈಗೆ ಅಂಟಿಕೊಳ್ಳುತ್ತದೆ, ಬೆಳಿಗ್ಗೆ ಅದರ ಪಕ್ಕೆಯಲ್ಲಿ ಹುರುಪೆ ಕಿತ್ತ ಗುರುತು. "ಪಾಪದ ಜೀವ, ಕೆರೆಗೆ ಬಿಟ್ಟು ಬಾ, ಪುಣ್ಯ ಬರುತ್ತದೆ" ಎನ್ನುತ್ತಾರೆ ಅಮ್ಮ. ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಏನು ಮಾಡಲಿ?

ಉತ್ತರ: ಹಳೆಯ ತೊಟ್ಟಿ
ಕೆರೆಗೆ ಮಾತ್ರ ಬೇಡ. ಅದು ಅಮೆಜಾನ್ ಸೀಮೆಯ ಮೀನು. ಮೈತುಂಬ ಮೂಳೆಯ ಕವಚ, ರೆಕ್ಕೆಗಳ ಮುಂದೆ ಗಟ್ಟಿ ಮುಳ್ಳು; ದೊಡ್ಡದಾದ ಮೇಲೆ ಇದನ್ನು ನುಂಗುವ ಧೈರ್ಯ ನಮ್ಮ ನೀರಿನಲ್ಲಿ ಯಾರಿಗೂ ಅಷ್ಟಾಗಿ ಇಲ್ಲ. ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ, ಹೊಟ್ಟೆಯಲ್ಲೇ ಉಸಿರಾಡಿಕೊಳ್ಳುತ್ತದೆ. ಬೇರೆ ಮೀನು ಸಾಯುವ ಕೊಳಚೆಯಲ್ಲೂ ಉಳಿಯುತ್ತದೆ. ಗಂಡು ಮೀನು ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಕಾಯುತ್ತದೆ. ಮಣ್ಣಿನ ಏರಿಯ ಗತಿ ಏನೆಂದು ನೀವೇ ಯೋಚಿಸಿ. ಕೇರಳ, ತಮಿಳುನಾಡು, ಆಂಧ್ರ, ಪಶ್ಚಿಮ ಬಂಗಾಳಗಳಲ್ಲಿ ಈಗಾಗಲೇ ನೆಲೆಯೂರಿ ಮೀನುಗಾರರ ಬಲೆ ಹರಿಯುತ್ತಿದೆ. ಅಲ್ಲಿ ಮೊದಲು ಬಿಟ್ಟವರಲ್ಲೂ ಕೆಲವರು ಪುಣ್ಯಕ್ಕೆಂದೇ ಬಿಟ್ಟಿರಬೇಕು.

ಗೋಲ್ಡ್‌ಫಿಶ್‌ನ ಮೈಲೋಳೆಯನ್ನು ಹೀರುವುದು ಹೆಚ್ಚಾಗಿ ಹಸಿವಿನಿಂದ. ರಾತ್ರಿ ಸೌತೆಕಾಯಿಯ ಹೋಳನ್ನು ಸ್ಟೀಲ್ ಚಮಚಕ್ಕೆ ಸಿಕ್ಕಿಸಿ ಮುಳುಗಿಸಿ, ಜೊತೆಗೆ ತಳಕ್ಕಿಳಿಯುವ ಬಿಲ್ಲೆ ಆಹಾರ ಹಾಕಿ. ಉಳಿದದ್ದನ್ನು ಬೆಳಿಗ್ಗೆ ತೆಗೆಯಿರಿ, ಇಲ್ಲದಿದ್ದರೆ ನೀರು ಕೆಡುತ್ತದೆ. ಆದರೂ ಒಮ್ಮೆ ರುಚಿ ಹತ್ತಿದ ಮೀನು ಚಾಳಿ ಬಿಡುವುದು ಕಷ್ಟ. ಎರಡನ್ನೂ ಬೇರೆ ಮಾಡುವುದೇ ಸರಿ.

ನಾನೂ ಹೀಗೆಯೇ ಮೋಸಹೋದವನು. ನನ್ನದು ಎಂಟು ವರ್ಷದಿಂದ ಮಹಡಿಯ ನೆರಳಿನಲ್ಲಿ ಐನೂರು ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿನಲ್ಲಿದೆ, ಹದಿನಾರು ಅಂಗುಲ. ಹೀರೆಕಾಯಿ ಕೆರೆಯುವ ಸದ್ದು ಮೆಟ್ಟಿಲಿನವರೆಗೆ ಕೇಳಿಸುತ್ತದೆ. ತಿಂದದ್ದಕ್ಕಿಂತ ಹೇತದ್ದೇ ಹೆಚ್ಚೇನೋ ಎಂದು ವಾರವಾರ ನೀರು ಬದಲಿಸುವಾಗ ಅನಿಸುತ್ತದೆ.

ಉತ್ತರ: ಮರದತುಂಡು
ಹಿಡಿಯುವಾಗ ಬಲೆ ಬಳಸಬೇಡಿ. ಮುಳ್ಳು ಸಿಕ್ಕಿಕೊಂಡರೆ ಬಲೆಯನ್ನೇ ಕತ್ತರಿಸಬೇಕಾಗುತ್ತದೆ. ದೊಡ್ಡ ಡಬ್ಬಿಯೊಳಗೆ ಮೆಲ್ಲಗೆ ಓಡಿಸಿ, ನೀರಿನ ಸಮೇತ ಎತ್ತಿ. ಪಾಚಿಗೇ ಬೇಕೆಂದಿದ್ದರೆ ಮುಂದೆ ಬ್ರಿಸಲ್‌ನೋಸ್ ತನ್ನಿ. ಅದೇ ಕುಟುಂಬದ ಮೀನು, ಐದಾರು ಅಂಗುಲಕ್ಕೆ ನಿಲ್ಲುತ್ತದೆ. ಕೆರೆದು ತಿನ್ನಲು ಒಂದು ಮರದ ತುಂಡು ಇರಲಿ.

ಗಾಜಿನಮನೆ
ಹಿತ್ತಲಿನಲ್ಲಿ ಸಿಮೆಂಟ್ ತೊಟ್ಟಿಯಿದೆ, ಮೊದಲು ಬಟ್ಟೆ ಒಗೆಯುತ್ತಿದ್ದದ್ದು. ಆದೀತೇ?

ಹಳೆಯ ತೊಟ್ಟಿ
ಸೋಪಿನ ಅಂಶ ಉಳಿಯಬಾರದು. ತೆಂಗಿನ ನಾರಿನಿಂದ ಉಜ್ಜಿ, ನಾಲ್ಕೈದು ದಿನ ನೀರು ತುಂಬಿ ಚೆಲ್ಲಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಮೇಲೆ ಜಾಲರಿ ಮುಚ್ಚಿ ಕಲ್ಲು ಹೇರಿ, ಇದು ರಾತ್ರಿ ಹಾರುತ್ತದೆ. ತೊಟ್ಟಿಯ ನೀರು ಹೊರಹೋಗುವ ಕೊಳವೆ ಎಲ್ಲಿಗೆ ಸೇರುತ್ತದೆ?