'ಡೆರಿವೇಟಿವ್ ವರ್ಕ್' ಎಂಬುದಕ್ಕೆ 'ರೂಪಾಂತರ' ಸಾಕೇ?

ತಿಪಟೂರಿನ ಗೆಳೆಯರೊಬ್ಬರು ಇಂಗ್ಲಿಷಿನ ಮಕ್ಕಳ ಚಿತ್ರಕಥೆಯೊಂದನ್ನು ಕನ್ನಡಕ್ಕೆ ತಂದಿದ್ದಾರೆ. ಮೂಲ ಪುಸ್ತಕದ ಹಿಂಬದಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಕೃತಿಯನ್ನು ಇತರರು ಯಾವ ಷರತ್ತಿನ ಮೇಲೆ ಬಳಸಬಹುದು ಎಂದು ಹಕ್ಕುದಾರರು ಮೊದಲೇ ಹೇಳಿಬಿಡುವ ಪರವಾನಗಿ) 'ನೋ ಡೆರಿವೇಟಿವ್ಸ್' ಗುರುತಿತ್ತು, ಅಂದರೆ ಮೂಲವನ್ನು ಆಧರಿಸಿ ಮಾಡಿದ ಇನ್ನೊಂದು ಕೃತಿಯನ್ನು, ಎಂದರೆ 'ಡೆರಿವೇಟಿವ್ ವರ್ಕ್' ಅನ್ನು, ಹಂಚುವಂತಿಲ್ಲ ಎಂಬ ಗುರುತು. ಗೆಳೆಯರು ಅದಕ್ಕೆ ಕನ್ನಡ ಕೇಳಿದಾಗ 'ರೂಪಾಂತರಕ್ಕೆ ಅವಕಾಶವಿಲ್ಲ' ಎಂದು ಬರೆದುಕೊಟ್ಟವನು ನಾನೇ. ಈಗ ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಅವರು ಹೇಳುತ್ತಾರೆ: "ನಾನು ಮಾಡಿದ್ದು ಅನುವಾದ, ರೂಪಾಂತರ ಅಲ್ಲವಲ್ಲ!"

ಕನ್ನಡದ ಮಟ್ಟಿಗೆ ಅವರ ಮಾತು ಸರಿ, ಪರವಾನಗಿಯ ಮಟ್ಟಿಗೆ ತಪ್ಪು. ನಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ ಅವರು ಗ್ರೀಕ್ ನಾಟಕಕಾರ ಸೊಫೊಕ್ಲಿಸನ ನಾಯಕ ಏಜಾಕ್ಸನನ್ನು ಮಹಾಭಾರತದ ಅಶ್ವತ್ಥಾಮನನ್ನಾಗಿ ಮಾಡಿದರಲ್ಲ, ನಾವು ರೂಪಾಂತರ ಎನ್ನುವುದು ಅದನ್ನು. ಹೆಸರು, ಊರು, ದೇವರು ಎಲ್ಲವೂ ಬದಲಾಗಬೇಕು. ಸಾಲಿಗೆ ಸಾಲು ತಂದರೆ ಅದು ಅನುವಾದ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮು ಕೂಡ ಅನುವಾದದ ಹಕ್ಕನ್ನೂ ಅಳವಡಿಕೆಯ ಹಕ್ಕನ್ನೂ ಬೇರೆ ಬೇರೆಯಾಗಿಯೇ ಹೇಳುತ್ತದೆ. 'ಡೆರಿವೇಟಿವ್ ವರ್ಕ್' ಎಂಬುದಕ್ಕೆ ಅದರಲ್ಲಿ ವ್ಯಾಖ್ಯೆಯೇ ಇಲ್ಲ. ಅಮೆರಿಕದ 1976ರ ಕಾಯ್ದೆಯಲ್ಲಿ ಇದೆ. ಅಲ್ಲಿ ಮೊದಲ ಉದಾಹರಣೆಯೇ ಅನುವಾದ, ಆಮೇಲೆ ನಾಟಕ, ಸಿನಿಮಾ, ಸಂಕ್ಷಿಪ್ತ ರೂಪ ಇತ್ಯಾದಿ. ಕ್ರಿಯೇಟಿವ್ ಕಾಮನ್ಸ್ ಕೂಡ ಅನುವಾದವನ್ನು ಇದರೊಳಗೇ ಸೇರಿಸುತ್ತದೆ. ಹೀಗಾಗಿ ನನ್ನ 'ರೂಪಾಂತರ' ಬಾಗಿಲು ಮುಚ್ಚಿ ಕಿಟಕಿ ತೆರೆದಿಟ್ಟಂತಾಯಿತು.

ಬದಲಿ ಪದ ಹುಡುಕಿದರೆ ಒಂದೊಂದಕ್ಕೂ ಒಂದು ತಕರಾರು. 'ಉತ್ಪನ್ನ ಕೃತಿ' ಎಂದು ಬರೆದವರಿದ್ದಾರೆ. ತಿಪಟೂರಿನಲ್ಲಿ ಉತ್ಪನ್ನ ಎಂದರೆ ಕೊಬ್ಬರಿ, ನಾರು, ಎಣ್ಣೆ. 'ವ್ಯುತ್ಪನ್ನ ಕೃತಿ' ಇನ್ನೂ ತಮಾಷೆ: ಹಳಬರಿಗೆ ವ್ಯುತ್ಪನ್ನ ಎಂದರೆ ಪಂಡಿತ, ಇಂಗ್ಲಿಷ್ ವಿಮರ್ಶಕರ ಬಾಯಲ್ಲಿ 'ಡೆರಿವೇಟಿವ್' ಎಂದರೆ ಸ್ವಂತಿಕೆ ಇಲ್ಲದ್ದು. ಕಾನೂನಿನ ಪದದಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. 'ತದ್ಭವ ಕೃತಿ' ನನಗೆ ಬಹಳ ಇಷ್ಟವಾಯಿತು, 'ಅದರಿಂದ ಹುಟ್ಟಿದ್ದು' ಎಂಬ ಅರ್ಥ ನೇರವಾಗಿಯೇ ಇದೆ. ಆದರೆ ಶಾಲೆಯಲ್ಲಿ ಯಾತ್ರೆ–ಜಾತ್ರೆ ಬಾಯಿಪಾಠ ಮಾಡಿದವರು ಅದನ್ನು ವ್ಯಾಕರಣ ಪುಸ್ತಕ ಎಂದುಕೊಳ್ಳುತ್ತಾರೆ. 'ಮೂಲಾಧಾರಿತ' ಯೋಗದ ಮೂಲಾಧಾರ ಚಕ್ರದ ಕಡೆಗೆ ಎಳೆಯುತ್ತದೆ.

ಸದ್ಯಕ್ಕೆ 'ಆಧಾರಿತ ಕೃತಿ' ಎಂಬಲ್ಲಿ ನಿಂತಿದ್ದೇನೆ. 'ಕಾದಂಬರಿ ಆಧಾರಿತ ಚಿತ್ರ' ಎಂಬ ಬಳಕೆ ಎಲ್ಲರಿಗೂ ಗೊತ್ತಿದೆ. ಗೆಳೆಯರಿಗೆ ಮಾತ್ರ ಉದ್ದಕ್ಕೆ ಹೀಗೆ ಬರೆದುಕೊಟ್ಟೆ: 'ಈ ಕೃತಿಯ ಅನುವಾದವನ್ನಾಗಲಿ, ಇದನ್ನು ಆಧರಿಸಿದ ಬೇರೆ ಕೃತಿಯನ್ನಾಗಲಿ ಪ್ರಕಟಿಸುವಂತಿಲ್ಲ.' ಅವರು ಅಚ್ಚು ನಿಲ್ಲಿಸಿ ಮೂಲ ಪ್ರಕಾಶಕರ ಅನುಮತಿಗೆ ಕಾಗದ ಬರೆದಿದ್ದಾರೆ. ಆದರೆ ಪರವಾನಗಿಯ ಗುರುತಿನ ಪಕ್ಕ ಇರುವ ಜಾಗ ಎರಡು ಪದಕ್ಕೆ ಸಾಕಾಗುವಷ್ಟು. ಅನುವಾದವನ್ನೂ ಒಳಗೊಳ್ಳುವ ಎರಡು ಪದ ಯಾರಿಗಾದರೂ ಹೊಳೆಯುತ್ತದೆಯೇ?