ಕೊಲಾರ್ಡ್ ಸೊಪ್ಪು, ಹೊಗೆ ಹಾಕಿದ ಮಾಂಸ: ನಮ್ಮ ಒಲೆಯಲ್ಲಿ ಹೇಗೆ?

ಮುಳ್ಳೇರಿಯದ ಅಕ್ಕ ಕೇಳಿದ್ದು:

ತಮ್ಮ ಅಟ್ಲಾಂಟಾದಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಅಲ್ಲಿನ ಕರಿಯರ ಒಂದು ಸಣ್ಣ ಹೋಟೆಲಿನಲ್ಲಿ ಕೊಲಾರ್ಡ್ ಅನ್ನುವ ಕೋಸಿನ ಜಾತಿಯ ಸೊಪ್ಪು ತಿಂದೆ. ಹೊಗೆ ಹಾಕಿದ ಟರ್ಕಿ ಕೋಳಿಯ ರೆಕ್ಕೆ ಜೊತೆ ಗಂಟೆಗಟ್ಟಲೆ ಬೇಯಿಸಿದ್ದಂತೆ. ಸೊಪ್ಪು ಬಾಯಲ್ಲಿ ಕರಗಿತು. ಬಟ್ಟಲಿನ ಅಡಿಯಲ್ಲಿ ಉಳಿದ ನೀರನ್ನೂ ಕುಡಿದೆ.

ಊರಿಗೆ ಬಂದು ಆನ್‌ಲೈನಿನಲ್ಲಿ ಬೀಜ ತರಿಸಿದೆ. ಮಳೆ ಬಿಟ್ಟ ಮೇಲೆ ಗ್ರೋ ಬ್ಯಾಗಿನಲ್ಲಿ ಹಾಕಿದ್ದು ಈಗ ಚೆನ್ನಾಗಿ ಬಂದಿದೆ. ಹುಳದ ಕಾಟ ಇದೆ, ಬೇವಿನೆಣ್ಣೆ ಹೊಡೆಯುತ್ತಿದ್ದೇನೆ. ಎಲೆ ದೊಡ್ಡದು, ದಪ್ಪ. ಹರಿವೆಯ ಹಾಗೆ ಕಾಯಿತುರಿ ಹಾಕಿ ಪಲ್ಯ ಮಾಡಿದರೆ ಜಗಿದಷ್ಟೂ ಮುಗಿಯುವುದಿಲ್ಲ. ಯಜಮಾನರು ತಟ್ಟೆಯ ಬದಿಗೆ ಸರಿಸುತ್ತಾರೆ.

ಅಲ್ಲಿ ತಿಂದ ಹಾಗೆ ಮಾಡಬೇಕು. ನಮ್ಮ ಮನೆಯಲ್ಲಿ ಹಂದಿ ನಡೆಯುವುದಿಲ್ಲ, ಕೋಳಿ ಮೀನು ಆಗುತ್ತದೆ. ಟರ್ಕಿ ಇಲ್ಲಿ ಎಲ್ಲಿ ಹುಡುಕಲಿ? ಒಣಮೀನು ಹಾಕಬಹುದಾ? ಕುಕ್ಕರಿನಲ್ಲಿ ನಾಲ್ಕು ಸೀಟಿ ಹೊಡೆಸಿದರೆ ಆಗುವುದಿಲ್ವಾ?

ಕುಂಬಳೆಯ ಮಾಜಿ ಹವಿಲ್ದಾರ:

ಅಕ್ಕಾ, ಇದು ಕಾಶ್ಮೀರದವರ ಹಾಕ್. ಶ್ರೀನಗರದಲ್ಲಿ ಪೋಸ್ಟಿಂಗ್ ಇದ್ದಾಗ ತಿಂದಿದ್ದೇನೆ. ನೀರಿಗೆ ಸಾಸಿವೆ ಎಣ್ಣೆ, ಇಂಗು, ಒಣಮೆಣಸು, ಉಪ್ಪು. ಕುದಿ ಬಂದಾಗ ಇಡೀ ಎಲೆ ಹಾಕುವುದು, ಮುಚ್ಚಳ ಹಾಕದೆ ಬೇಯಿಸುವುದು. ಹಸಿರು ಹಸಿರಾಗಿಯೇ ಇರುತ್ತದೆ. ಎರಡು ಗಂಟೆ ಬೇಯಿಸಿ ಸೊಪ್ಪಿನ ಪ್ರಾಣ ಯಾಕೆ ತೆಗೆಯುವುದು? ಗ್ಯಾಸಿನ ರೇಟ್ ನೋಡಿದ್ದೀರಾ?

ಬೇಳದ ಕುಕ್ಕು:

ಹವಿಲ್ದಾರರು ಹೇಳಿದ್ದು ಸರಿ, ಒಂದೇ ಜಾತಿಯ ಸೊಪ್ಪು. ಆದರೆ ಅಡುಗೆ ಬೇರೆ. ಅಕ್ಕ ಕೇಳಿದ್ದು ಅಟ್ಲಾಂಟಾದ್ದು.

ನಾನು ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಒಂದು ಹೋಟೆಲಿನ ಕಿಚನಿನಲ್ಲಿ ತುಂಬ ಕಾಲ ಇದ್ದವ. ಆ ರಾಜ್ಯದಲ್ಲಿ 2011ರಲ್ಲಿ ಕಾನೂನು ಮಾಡಿ ಕೊಲಾರ್ಡನ್ನು ರಾಜ್ಯದ ತರಕಾರಿ ಅಂತಲೇ ಘೋಷಿಸಿದರು. ಅಷ್ಟು ಪ್ರೀತಿ. ನನಗೆ ಇದನ್ನು ಕಲಿಸಿದ್ದು ಅಲ್ಲಿದ್ದ ಒಬ್ಬರು ವಯಸ್ಸಾದ ಕರಿಯ ಹೆಂಗಸು. ಪುಸ್ತಕ ಇಲ್ಲ, ಅಳತೆ ಇಲ್ಲ. ಸೌಟು ಎತ್ತಿ ನೀರು ಕುಡಿದು ನೋಡುವುದು, ಮುಖ ಸಿಂಡರಿಸುವುದು, ಇನ್ನೊಂದು ಈರುಳ್ಳಿ ಹಾಕುವುದು.

ಅವರ ಮೊದಲ ಪಾಠ: ಸೊಪ್ಪು ಆಮೇಲೆ, ಮೊದಲು ನೀರು ತಯಾರಾಗಬೇಕು. ನಾವು ಸೊಪ್ಪು ಬೇಯಿಸಿ ಅದಕ್ಕೆ ರುಚಿ ಹಾಕುತ್ತೇವೆ. ಅವರು ರುಚಿಯಾದ ನೀರು ಮಾಡಿ ಅದರಲ್ಲಿ ಸೊಪ್ಪು ಮುಳುಗಿಸುತ್ತಾರೆ. ಅಲ್ಲಿ ಹಂದಿಯ ಕಾಲಿನ ಗಂಟು, ಉಪ್ಪಿನಲ್ಲಿಟ್ಟು ಹೊಗೆ ಹಾಕಿದ್ದು, ಅಂಗಡಿಯಲ್ಲೇ ಸಿಗುತ್ತದೆ. ಹಂದಿ ಬೇಡ ಅನ್ನುವವರು ಟರ್ಕಿಯ ರೆಕ್ಕೆ ಅಥವಾ ಕುತ್ತಿಗೆ ಹಾಕುತ್ತಾರೆ. ಗಂಟು, ರೆಕ್ಕೆ, ಕುತ್ತಿಗೆಯೇ ಯಾಕೆ ಅಂದರೆ ಅಲ್ಲಿ ಮಾಂಸ ಕಡಿಮೆ, ಚರ್ಮ ನರ ಕೀಲು ಜಾಸ್ತಿ. ಸಣ್ಣ ಉರಿಯಲ್ಲಿ ಅದೆಲ್ಲ ನಿಧಾನಕ್ಕೆ ಕರಗಿ ನೀರಿಗೆ ಒಂದು ಅಂಟು ಬರುತ್ತದೆ. ಬೋನ್‌ಲೆಸ್ ಹಾಕಿದರೆ ಆ ಅಂಟು ಬರುವುದಿಲ್ಲ, ನೀರು ನೀರಾಗಿಯೇ ಉಳಿಯುತ್ತದೆ.

ಈಗ ನಿಮ್ಮ ಮನೆಯ ವಿಷಯ. ಬ್ರಾಯ್ಲರ್ ಬೇಡ. ಮೊಟ್ಟೆ ನಿಲ್ಲಿಸಿದ ಊರಿನ ಹೇಂಟೆ ಸಿಕ್ಕಿದರೆ ಅದರ ಕಾಲು, ರೆಕ್ಕೆ, ಕುತ್ತಿಗೆ ಚರ್ಮ ಸಮೇತ ತೆಗೆದಿಡಿ. ಒಂದು ಲೀಟರ್ ನೀರಿಗೆ 60 ಗ್ರಾಮ್ ಉಪ್ಪು, ಸ್ವಲ್ಪ ಬೆಲ್ಲ, ಜಜ್ಜಿದ ಕಾಳುಮೆಣಸು. ಅದರಲ್ಲಿ ಮುಳುಗಿಸಿ ಇಡೀ ರಾತ್ರಿ ಫ್ರಿಜ್ಜಿನಲ್ಲಿ ಇಡಿ. ಬೆಳಿಗ್ಗೆ ಒರೆಸಿ, ಚರ್ಮ ಒಣಗುವ ತನಕ ಮುಚ್ಚದೆ ಫ್ರಿಜ್ಜಿನಲ್ಲೇ ಇಡಿ. ಒದ್ದೆ ಚರ್ಮಕ್ಕೆ ಹೊಗೆ ತಾಗಿದರೆ ಕಹಿ ಬರುತ್ತದೆ.

ಹೊಗೆಗೆ ನಮ್ಮಲ್ಲಿ ತೆಂಗಿನ ಗೆರಟೆಗೆ ಬರಗಾಲ ಇಲ್ಲ. ಆದರೆ ಹಸಿ ಗೆರಟೆಯ ಹೊಗೆ ಬೇಡ, ಅದರಲ್ಲಿ ಟಾರಿನ ವಾಸನೆ. ಉರಿದು ಕೆಂಡವಾಗಲಿ. ಆ ಕೆಂಡವನ್ನು ಹಳೇ ಕಬ್ಬಿಣದ ಬಾಣಲೆಗೆ ಹಾಕಿ, ಮೇಲೆ ನೀರಿನಲ್ಲಿ ನೆನೆಸಿದ ಪೇರಳೆ ಮರದ ಅಥವಾ ಹಲಸಿನ ಚಕ್ಕೆ ಉದುರಿಸಿ. ಅದರ ಮೇಲೆ ಎತ್ತರದಲ್ಲಿ ಕಂಬಿಯ ಜಾಲರಿ, ಜಾಲರಿಯಲ್ಲಿ ಕೋಳಿ, ಮೇಲೆ ದೊಡ್ಡ ಪಾತ್ರೆ ಕವುಚಿ ಹಾಕಿ. ಒಂದೂವರೆ ಗಂಟೆ. ಅಂಗಳದಲ್ಲಿ ಮಾಡಿ, ಒಳಗೆ ಮಾಡಿದರೆ ನೆರೆಯವರು ಫೈರ್ ಸರ್ವಿಸಿಗೆ ಫೋನ್ ಮಾಡುತ್ತಾರೆ. ಸತುವಿನ ಲೇಪ ಇರುವ ಬಕೆಟ್ಟು, ತಗಡು ಬಳಸಬೇಡಿ, ಬಿಸಿಗೆ ವಿಷದ ಹೊಗೆ ಬಿಡುತ್ತದೆ. ಗೇರುಬೀಜದ ಸಿಪ್ಪೆ ಕೂಡ ಹಾಕಬೇಡಿ. ಫ್ಯಾಕ್ಟರಿಯಿಂದ ತಂದು ಒಲೆಗೆ ಹಾಕುವವರಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಅದರ ಎಣ್ಣೆ ಕೈಗೆ ತಾಗಿದರೆ ಬೊಬ್ಬೆ ಬರುತ್ತದೆ. ಅದರ ಹೊಗೆ ತಿನ್ನುವ ವಸ್ತುವಿಗೆ ಖಂಡಿತ ಬೇಡ.

ಹೊಗೆ ಹಾಕಿದ ಕೂಡಲೇ ತಿನ್ನಬೇಡಿ, ಒಳಗೆ ಬೆಂದಿರುವುದಿಲ್ಲ. ಹೊರಗೆ ನೇತು ಹಾಕುವುದೂ ಬೇಡ. ನಮ್ಮ ಕರಾವಳಿಯ ಸೆಕೆಗೆ, ತೇವಕ್ಕೆ ಎರಡು ದಿನದಲ್ಲಿ ಹಾಳು. ಫ್ರಿಜ್ಜಿನಲ್ಲಿಡಿ ಅಥವಾ ಅವತ್ತೇ ಅಡುಗೆ ಮಾಡಿ.

ಇನ್ನು ಅಡುಗೆ. ಒಂದು ಕಿಲೋ ಸೊಪ್ಪಿಗೆ ಅರ್ಧ ಕಿಲೋ ಹೊಗೆ ಮಾಂಸ, ಎರಡು ಲೀಟರ್ ನೀರು. ಒಂದು ಕಿಲೋ ಸೊಪ್ಪು ನೋಡಿ ಹೆದರಬೇಡಿ, ಬೆಂದರೆ ಕುಗ್ಗಿ ಒಂದು ಬಟ್ಟಲಾಗುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪ ಎಣ್ಣೆ ಕಾಯಿಸಿ ದೊಡ್ಡ ಈರುಳ್ಳಿ ಬಾಡಿಸಿ. ಜಜ್ಜಿದ ಬೆಳ್ಳುಳ್ಳಿ, ಎರಡು ಒಣಮೆಣಸು, ಮಾಂಸ, ನೀರು. ಉಪ್ಪು ಹಾಕಬೇಡಿ. ಮಾಂಸದಲ್ಲೇ ಇದೆ, ಕೊನೆಗೆ ನೋಡಿ ಹಾಕಿದರೆ ಸಾಕು. ಕುದಿ ಬಂದ ಮೇಲೆ ಉರಿ ಇಳಿಸಿ. ಗಳಗಳ ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಸಾಕು. ಮಾಂಸ ಎಲುಬು ಬಿಡುವ ತನಕ, ಅಂದರೆ ಒಂದೂವರೆ ಗಂಟೆ. ಮುದಿ ಹೇಂಟೆಯಾದರೆ ಇನ್ನೂ ಹೆಚ್ಚು. ಗ್ಯಾಸ್ ಉಳಿಸಬೇಕಾದರೆ ಈ ಹಂತಕ್ಕೆ ಕುಕ್ಕರ್ ಇಡಿ, ನನ್ನ ತಕರಾರಿಲ್ಲ.

ಸೊಪ್ಪಿಗೆ ಮಾತ್ರ ಕುಕ್ಕರ್ ಬೇಡ. ಅದು ಕೋಸಿನ ಜಾತಿ, ಬೇಯುವಾಗ ಗಂಧಕದ ವಾಸನೆ ಬಿಡುತ್ತದೆ. ಮುಚ್ಚಳ ಸ್ವಲ್ಪ ಓರೆ ಇಟ್ಟರೆ ಅದು ಹೊರಗೆ ಹೋಗುತ್ತದೆ. ಕುಕ್ಕರಿನಲ್ಲಿ ಅದು ಒಳಗೇ ಕೂತು ಹಾಸ್ಟೆಲಿನ ಕೋಸಿನ ಸಾಂಬಾರಿನ ವಾಸನೆ ಬರುತ್ತದೆ.

ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಿರಿ, ಎಲೆಯ ಅಡಿಯಲ್ಲಿ ಹುಳದ ಮೊಟ್ಟೆ ನೋಡಿ. ನಡುವಿನ ದಪ್ಪ ದಂಟು ಎಳೆದು ತೆಗೆಯಿರಿ. ಆರೇಳು ಎಲೆ ಒಂದರ ಮೇಲೊಂದಿಟ್ಟು ಪತ್ರೊಡೆಯ ಹಾಗೆ ಸುರುಳಿ ಸುತ್ತಿ ಒಂದು ಬೆರಳಿನಗಲಕ್ಕೆ ಕತ್ತರಿಸಿ. ಕುದಿಯುವ ನೀರಿಗೆ ಒಂದೊಂದು ಹಿಡಿ ಹಾಕಿ. ಮೊದಲಿನದು ಬಾಡಿದ ಮೇಲೆ ಇನ್ನೊಂದು ಹಿಡಿ. ಎಳೆ ಎಲೆಗೆ ಮುಕ್ಕಾಲು ಗಂಟೆ ಸಾಕು. ನಿಮ್ಮದು ಬಲಿತದ್ದು ಅನ್ನಿಸುತ್ತದೆ, ಒಂದೂಕಾಲು ಗಂಟೆ ಇಟ್ಟುಕೊಳ್ಳಿ. ಹಸಿರು ಹೋಗಿ ಮಿಲಿಟರಿ ಬಣ್ಣ ಬರುತ್ತದೆ, ಹವಿಲ್ದಾರರಿಗೆ ಖುಷಿಯಾಗಬಹುದು. ಅದು ಕೆಟ್ಟದ್ದಲ್ಲ, ಹಾಗೇ ಆಗಬೇಕು.

ಹುಳಿ ಕಟ್ಟಕಡೆಗೆ. ವಿನೆಗರ್ ಮೊದಲೇ ಹಾಕಿದರೆ ಎಲೆ ಗಟ್ಟಿಯಾಗಿಯೇ ಉಳಿಯುತ್ತದೆ, ಎಷ್ಟು ಬೇಯಿಸಿದರೂ. ಹಸಿ ಮಾವಿನಕಾಯಿ ಹಾಕಿ ಬೇಳೆ ಬೇಯಿಸಿ ನೋಡಿದವರಿಗೆ ಗೊತ್ತಿರುತ್ತದೆ. ಇಳಿಸುವ ಮೊದಲು ಎರಡು ಚಮಚ ಕಳ್ಳಿನ ವಿನೆಗರ್, ಚಿಟಿಕೆ ಸಕ್ಕರೆ.

ಒಣಮೀನು ಕೇಳಿದ್ದಿರಿ. ಬಸಳೆಗೆ ಒಣ ಸಿಗಡಿ ಹಾಕುವವರು ನಾವು, ಆಸೆ ಸಹಜ. ಆದರೆ ನಮ್ಮ ಒಣಮೀನಿನಲ್ಲಿ ಉಪ್ಪು ಬಿಸಿಲು ಇದೆ, ಹೊಗೆ ಇಲ್ಲ. ಲಕ್ಷದ್ವೀಪದ ಮಾಸ್ ಸಿಕ್ಕಿದರೆ ಬೇರೆ ಮಾತು. ಅದು ಬೇಯಿಸಿ, ಹೊಗೆ ಹಾಕಿ, ಒಣಗಿಸಿದ ಸೂರೆ ಮೀನು. ಸಣ್ಣ ತುಂಡು ಸಾಕು. ಪಶ್ಚಿಮ ಆಫ್ರಿಕಾದಲ್ಲಿ ಇವತ್ತಿಗೂ ಸೊಪ್ಪಿಗೆ ಹೊಗೆ ಮೀನು ಹಾಕುತ್ತಾರೆ. ಅಮೆರಿಕಕ್ಕೆ ಗುಲಾಮರಾಗಿ ಹೋದವರಲ್ಲಿ ತುಂಬ ಜನ ಅಲ್ಲಿನವರೇ, ಈ ಅಡುಗೆ ಬೆಳೆದದ್ದು ಅವರ ಕೈಯಲ್ಲೇ.

ನೀರ್ಚಾಲಿನ ಸಸ್ಯಾಹಾರಿ:

ಓದಿ ಹಸಿವಾಯಿತು, ಆದರೆ ನಮಗೆ ಕೋಳಿಯೂ ಇಲ್ಲ, ಮಾಸೂ ಇಲ್ಲ. ಹೊಗೆಯ ರುಚಿಗೆ ಕೊಡಂಪುಳಿ ಹಾಕಿದರೆ ಹೇಗೆ? ಮಲಯಾಳಿಗಳು ಮೀನು ಸಾರಿಗೆ ಹಾಕುವ ಕಪ್ಪು ಹುಳಿ. ಅದನ್ನು ಹೊಗೆಯಲ್ಲೇ ಒಣಗಿಸುವುದು. ಹೊಗೆಯೂ ಆಯಿತು, ಹುಳಿಯೂ ಆಯಿತು.

ಪಾಣತ್ತೂರು ರೋಡ್:

ಹಂದಿ ತಿನ್ನುವವರಿಗೆ ಒಂದು ಮಾತು. ಅಮೆರಿಕದ ದಾರಿ ಯಾಕೆ ನೋಡುತ್ತೀರಿ? ಪಾಣತ್ತೂರಿನಿಂದ ಕರಿಕೆ ದಾಟಿ ಘಾಟಿ ಹತ್ತಿದರೆ ಭಾಗಮಂಡಲ. ಕೊಡಗಿನ ಮನೆಗಳಲ್ಲಿ ಹಂದಿ ಮಾಂಸಕ್ಕೆ ಉಪ್ಪು ಅರಸಿನ ಹಚ್ಚಿ ಒಲೆಯ ಮೇಲೆ ನೇತು ಹಾಕಿ ಹೊಗೆಯಲ್ಲಿ ಒಣಗಿಸುವುದು ಹಿಂದಿನಿಂದಲೂ ಇದೆ. ನಾನು ಪರಿಚಯದವರಿಂದ ತರಿಸುತ್ತೇನೆ. ಜೊತೆಗೆ ಒಂದು ಬಾಟಲಿ ಕಾಚಂಪುಳಿ, ಕೊಡಗಿನವರ ಕಪ್ಪು ಹುಳಿರಸ. ಕೊಲಾರ್ಡ್ ಇಲ್ಲದಿದ್ದರೆ ನವಿಲುಕೋಸಿನ ಎಲೆ ಹಾಕಿ. ತರಕಾರಿ ಅಂಗಡಿಯಲ್ಲಿ ಅದನ್ನು ಕಿತ್ತು ಬಿಸಾಡುತ್ತಾರೆ, ಕೇಳಿದರೆ ಸುಮ್ನೆ ಕೊಡುತ್ತಾರೆ.

ಬೇಳದ ಕುಕ್ಕು:

ನೀರ್ಚಾಲಿನವರೇ, ಇದು ನನಗೆ ಹೊಳೆದೇ ಇರಲಿಲ್ಲ! ಖಂಡಿತ ಆಗುತ್ತದೆ. ಆದರೆ ಅದು ಹುಳಿ ಅನ್ನುವುದು ಮರೆಯಬೇಡಿ. ತೊಳೆದು ಎರಡು ಎಸಳು, ಸೊಪ್ಪು ಪೂರ್ತಿ ಮೆತ್ತಗಾದ ಮೇಲೆ, ಕೊನೆಯ ಕಾಲು ಗಂಟೆಗೆ ಮಾತ್ರ. ಆಮೇಲೆ ವಿನೆಗರ್ ಬೇಡ. ಮಾಂಸದ ಅಂಟು ಬರುವುದಿಲ್ಲ, ಅದಕ್ಕೆ ಒಂದು ಹಿಡಿ ಅಲಸಂಡೆ ಬೀಜ ಮೊದಲೇ ನೀರಿನಲ್ಲಿ ಬೇಯಿಸಿ, ನೀರು ದಪ್ಪವಾಗುತ್ತದೆ. ಅಲ್ಲಿ ಜನವರಿ 1ಕ್ಕೆ ಅಲಸಂಡೆ ಮತ್ತು ಕೊಲಾರ್ಡ್ ಎರಡೂ ಆಗಲೇಬೇಕು. ಸೊಪ್ಪು ನೋಟು, ಬೀಜ ಚಿಲ್ಲರೆ ಅನ್ನುವ ನಂಬಿಕೆ. ಇಷ್ಟು ವರ್ಷ ತಿಂದೆ, ನನ್ನ ಬ್ಯಾಂಕಿಗೆ ಸುದ್ದಿ ಮುಟ್ಟಿದ ಹಾಗಿಲ್ಲ.

ಪಾಣತ್ತೂರಿನವರು ಹೇಳಿದ ಕೊಡಗಿನ ಮಾಂಸದಲ್ಲಿ ಉಪ್ಪು ತುಂಬ. ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಆ ನೀರು ಚೆಲ್ಲಿ. ಕಾಚಂಪುಳಿ ಅರ್ಧ ಚಮಚಕ್ಕಿಂತ ಜಾಸ್ತಿ ಬೇಡ, ಅದು ವಿನೆಗರಿನ ಅಜ್ಜ.

ಮುಳ್ಳೇರಿಯದ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಹೇಂಟೆ ಮನೆಯಲ್ಲೇ ಇದೆ, ಅದರ ಗ್ರಹಚಾರ. ಕುಕ್ಕಣ್ಣಾ, ಇನ್ನೆರಡು ಕೇಳುತ್ತೇನೆ. ಅಲ್ಲಿ ಮೆಕ್ಕೆಜೋಳದ ಬ್ರೆಡ್ ಕೊಟ್ಟಿದ್ದರು, ನಮ್ಮಲ್ಲಿ ಯಾವುದರ ಜೊತೆ ಬಡಿಸಲಿ? ಉಳಿದ ನೀರು ಚೆಲ್ಲಬೇಕಾ?

ಬೇಳದ ಕುಕ್ಕು:

ಚೆಲ್ಲುವುದಾ! ಅಕ್ಕಾ, ಆ ನೀರಿಗಾಗಿಯೇ ಇಷ್ಟೆಲ್ಲ. ಸೊಪ್ಪಿನ ಸಾರ ಅರ್ಧ ಅದಕ್ಕೇ ಇಳಿದಿರುತ್ತದೆ. ಗುಲಾಮಗಿರಿಯ ಕಾಲದಲ್ಲಿ ಧಣಿಗಳು ಸೊಪ್ಪು ತಿಂದು ನೀರು ಬಿಡುತ್ತಿದ್ದರು, ಅಡುಗೆಯವರು ಅದನ್ನು ತಮ್ಮ ಮಕ್ಕಳಿಗೆ ಕುಡಿಸುತ್ತಿದ್ದರು ಅಂತ ನನಗೆ ಕಲಿಸಿದ ಆ ಹೆಂಗಸು ಹೇಳುತ್ತಿದ್ದರು. ಆಮೇಲೆ ದೊಡ್ಡವರಿಗೂ ಅದರ ಹುಚ್ಚು ಹಿಡಿಯಿತು. 1931ರಲ್ಲಿ ಲೂಸಿಯಾನದ ಹ್ಯೂಯಿ ಲಾಂಗ್ ಅನ್ನುವ ರಾಜಕಾರಣಿಗೂ ಅಟ್ಲಾಂಟಾದ ಒಬ್ಬ ಪತ್ರಿಕೆಯ ಸಂಪಾದಕರಿಗೂ ಪೇಪರಿನಲ್ಲೇ ಜಗಳ. ಮೆಕ್ಕೆಜೋಳದ ರೊಟ್ಟಿಯನ್ನು ಈ ನೀರಿಗೆ ಅದ್ದಿ ತಿನ್ನಬೇಕೋ, ಪುಡಿ ಮಾಡಿ ಕಲಸಿ ತಿನ್ನಬೇಕೋ ಅಂತ. ನಾನು ಅದ್ದುವ ಪಾರ್ಟಿ.

ನಮ್ಮಲ್ಲಿ ಕುಚ್ಚಲಕ್ಕಿ ಗಂಜಿಗೆ ಇದಕ್ಕಿಂತ ಒಳ್ಳೆ ಜೊತೆ ಇಲ್ಲ. ಗಂಜಿಯ ಮೇಲೆ ಸೊಪ್ಪು, ಅದರ ಮೇಲೆ ಒಂದು ಸೌಟು ನೀರು. ಮಕ್ಕಳಿಗೆ ಪತ್ತಿರಿ, ಅಂದರೆ ಅಕ್ಕಿಯ ತೆಳು ರೊಟ್ಟಿ ಮಾಡಿ ಕೊಡಿ, ಹರಿದು ಅದ್ದಿ ತಿನ್ನುತ್ತಾರೆ. ಮೇಜಿನ ಮೇಲೆ ಒಂದು ಸಣ್ಣ ಬಾಟಲಿ ಇರಲಿ: ಗಾಂಧಾರಿ ಮೆಣಸು ತುಂಬಿಸಿ ವಿನೆಗರ್ ಹೊಯ್ದು ವಾರ ಇಟ್ಟದ್ದು. ಬೇಕಾದವರು ನಾಲ್ಕು ಹನಿ ಹಾಕಿಕೊಳ್ಳಲಿ.

ನರ್ಸ್, ಕಾಸರಗೋಡು:

ಒಂದು ಎಚ್ಚರಿಕೆ. ಈ ಸೊಪ್ಪಿನಲ್ಲಿ ವಿಟಮಿನ್ ಕೆ ತುಂಬ. ಮನೆಯಲ್ಲಿ ಯಾರಾದರೂ ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ಬಟ್ಟಲುಗಟ್ಟಲೆ ಕೊಡಬೇಡಿ, ಮಾತ್ರೆಯ ಕೆಲಸ ಕಡಿಮೆಯಾಗುತ್ತದೆ. ಮೊದಲು ಡಾಕ್ಟರ ಹತ್ತಿರ ಕೇಳಿ. ಬಿಪಿ ಇದ್ದವರು ಉಪ್ಪು ನೋಡಿಕೊಳ್ಳಿ.

ಕುಂಬಳೆಯ ಮಾಜಿ ಹವಿಲ್ದಾರ:

ಬಿಪಿ ನನಗೆ ಇದೆ. ಆದರೂ ಅಕ್ಕ ಮಾಡುವ ದಿನ ಹೇಳಲಿ, ಮುಳ್ಳೇರಿಯಕ್ಕೆ ಬಸ್ಸಿದೆ. ಮತ್ತೆ ಆ ದಂಟು ಏನು ಮಾಡುವುದು ಕುಕ್ಕಣ್ಣ ಹೇಳಲಿಲ್ಲ.

ಬೇಳದ ಕುಕ್ಕು:

ಎಳೆಯದಾದರೆ ಸಣ್ಣಗೆ ಕೊಚ್ಚಿ ಈರುಳ್ಳಿಯ ಜೊತೆ ಬಾಡಿಸಿ, ಅದೇ ಪಾತ್ರೆಯಲ್ಲಿ ಬೇಯುತ್ತದೆ. ಬಲಿತದ್ದು ದನಕ್ಕೆ ಹಾಕಿ.